ಮುದ್ದಕ್ಕ ಕಂಡೆನೆಂದ ಹೆಂಗಸು

"ನೋಡು ಹೇಮಾಕ್ಷಿ, ನಾಳೆ ನಿನ್ನ ಮದುವೆ. ಎಲ್ಲರೂ ಬಂದು ಹೂ ಮುಡಿಸ್ತಾರೆ, ಅಕ್ಕಿ ಹಾಕ್ತಾರೆ, ಕಣ್ಣೀರು ಹಾಕ್ತಾರೆ. ಹೇಳಬೇಕಾದ್ದನ್ನು ಮಾತ್ರ ಯಾರೂ ಹೇಳುವುದಿಲ್ಲ. ನಿನ್ನ ಅಮ್ಮ ಹೇಳ್ತಾಳಾ? ಅವಳಿಗೆ ಅವಳಮ್ಮ ಹೇಳ್ಲಿಲ್ಲ, ಇವಳು ಎಲ್ಲಿಂದ ಹೇಳುವುದು? ಹಾಗಾಗಿ ನಾನು ಹೇಳ್ತೇನೆ. ನಗ್ಬೇಡ. ಏ, ಆ ಕಡೆ ಕೂತವರೂ ನಗ್ಬೇಡಿ, ನಿಮಗೂ ಬೇಕಾದದ್ದೇ ಇದು. ಗಂಡ ಹತ್ತಿರ ಬಂದಾಗ ನೋವಾದರೆ ನೋವು ಅಂತ ಹೇಳು. ಮನಸ್ಸಿಲ್ಲದಿದ್ದರೆ ಇವತ್ತು ಬೇಡ ಅಂತ ಹೇಳು. ಖುಷಿಯಾದರೆ ಅದನ್ನೂ ಹೇಳು ಮಾರಾಯ್ತಿ, ಅದರಲ್ಲಿ ಎಂತ ನಾಚಿಕೆ? ಮೀನಿನ ಗಸಿ ರುಚಿಯಾಗಿದೆ ಅಂತ ಹೇಳ್ಲಿಕ್ಕೆ ನಾಚ್ತೇವಾ? ಆದರೆ ಆಗದ ಖುಷಿಯನ್ನು ಆಯಿತು ಅಂತ ಹೇಳ್ಬೇಡ. ಒಂದು ಸಲ 'ಇಲ್ಲ, ನೋವಿಲ್ಲ' ಅಂದೆಯಾ, ಮತ್ತೆ ಆ 'ಇಲ್ಲ'ವನ್ನು ನೀನೇ ಕೂತು ಸಾಕಬೇಕು. ದಿನಾ ಅದಕ್ಕೆ ಉಣ್ಣಲಿಕ್ಕೆ ಹಾಕಬೇಕು. ನಾನು ಸಾಕಿದ್ದೇನೆ, ನನಗೆ ಗೊತ್ತುಂಟು. ತಲೆನೋವು ಅಂತ ಬೇಕಾದರೆ ಹೇಳು, ಅದು ನಿನ್ನ ತಲೆ. ಆದರೆ ಸತ್ತವರ ತಲೆಗೆ ಕಟ್ಬೇಡ ಮಗಾ. ನಾನಲ್ಲ ಅಂತ ಹೇಳ್ಲಿಕ್ಕೆ ಅವರು ಎದ್ದು ಬರುವುದಿಲ್ಲ. ಬರುವುದಿಲ್ಲ ಅಂತ ಧೈರ್ಯದಲ್ಲೇ ನಾವು ಹೇಳುವುದು. ಆಮೇಲೆ ಬಂದೇ ಬಿಟ್ಟರೆ ಎಂತ ಮಾಡ್ತಿ?"

ಹೀಗೆ ಹೇಳುತ್ತಿದ್ದವಳು ಬೆಂಗ್ರೆಯ ಮುದ್ದಕ್ಕ. ಯುದ್ಧದ ವರ್ಷಗಳವು. ಸೀಮೆಎಣ್ಣೆ ಸಿಗದೆ ಜನ ಬೆಳಕಿರುವಾಗಲೇ ಊಟ ಮುಗಿಸುತ್ತಿದ್ದ ಕಾಲ. ಬೆಂಗ್ರೆಯಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಹಿಂದಿನ ದಿನ ಮುದ್ದಕ್ಕ ಹೋಗಿ ಮದುಮಗಳ ಪಕ್ಕ ಚಾಪೆಯ ಮೇಲೆ ಕೂರುತ್ತಿದ್ದಳು. ಕರೆದರೂ ಸರಿ, ಕರೆಯದಿದ್ದರೂ ಸರಿ. ಇಪ್ಪತ್ತು ದಾಟಿದ ಹೇಮಾಕ್ಷಿಯಂಥ ಹುಡುಗಿಯರು ಬಾಯಿಗೆ ಸೆರಗು ಒತ್ತಿಕೊಳ್ಳುತ್ತಿದ್ದರು. ಕೆಲವು ಅತ್ತೆಯಂದಿರು "ಇವಳಿಗೆ ಬೇರೆ ಮಾತಿಲ್ಲ" ಎಂದು ಗೊಣಗಿ ಎದ್ದು ಹೋಗುತ್ತಿದ್ದರು. ಆದರೆ ಅವಳನ್ನು ಹೊರಗೆ ಹೋಗು ಎಂದವರಿಲ್ಲ. ಅವಳ ಮನೆಯಲ್ಲಿ ಏನು ನಡೆದಿತ್ತು ಎನ್ನುವುದು ಅಲ್ಲಿನ ವಯಸ್ಸಾದವರಿಗೆಲ್ಲ ಗೊತ್ತಿತ್ತು.

ಬೆಂಗ್ರೆ ಒಂದು ಮರಳಿನ ಪಟ್ಟಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ದೋಣಿಯಲ್ಲಿ ಹೊಳೆ ದಾಟಿದರೆ ಮಂಗಳೂರಿನ ಬಂದರು. ಮುದ್ದು ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲ ಅಲ್ಲೇ. ತಂದೆ ಕಡಲಿಗೆ ಹೋದವನು ಮರಳಿ ಬರಲಿಲ್ಲ. ತಾಯಿಗೆ ಉಬ್ಬಸ. ಬುಟ್ಟಿ ಹೊತ್ತು ಹೊಳೆಯಾಚೆ ಬಿಜೈಯ ಮನೆಗಳಿಗೆ ಮೀನು ಮಾರಿ ತಾಯಿಯನ್ನು ಸಾಕುವುದರಲ್ಲಿ ಮುದ್ದುವಿನ ಮದುವೆ ಹಿಂದೆ ಬಿದ್ದು, ಅವಳಿಗೆ ಇಪ್ಪತ್ತೆರಡು ದಾಟಿತ್ತು. ಆ ಮನೆಗೆ ಅವಳೊಬ್ಬಳೇ ಹೆಣ್ಣು. ಅಳಿಯಕಟ್ಟಿನವರಲ್ಲಿ ಮನೆ ಮುಂದುವರಿಯುವುದು ಹೆಣ್ಣಿನ ಹೊಟ್ಟೆಯಿಂದ. ಮುದ್ದುವಿಗೆ ಮಕ್ಕಳಾಗದಿದ್ದರೆ ಮನೆ ಅಲ್ಲಿಗೆ ಮುಗಿಯಿತು. ಸೋದರಮಾವ ಬೋಜನಿಗೆ ಇದೊಂದೇ ಚಿಂತೆ. ಅವನೇ ನೋಡಿ, ಅಂಗಾರನಿಗೆ ಕೊಟ್ಟು ಮಾಡಿದ.

ಅಂಗಾರ ರಾಂಪಣಿ ಬಲೆ ಎಳೆಯುವ ತಂಡದವನು. ದೊಡ್ಡ ಮೈ, ಸಣ್ಣ ದನಿ. ಕುಡಿದು ಬಂದು ಹೊಡೆಯುವ ಪೈಕಿಯವನಲ್ಲ. ಅವನಿಗೆ ಇದು ಎರಡನೆಯ ಮದುವೆ. ಮೊದಲ ಹೆಂಡತಿ ಕಿನ್ನಿ, ಊರಿಗೆ ಊರೇ ಮಲಗಿದ್ದ ಆ ದೊಡ್ಡ ಜ್ವರದ ವರ್ಷ ಸತ್ತಿದ್ದಳು. ಕಿನ್ನಿಯ ತಾಯಿ ಅಕ್ಕು ನಾಲ್ಕು ಮನೆ ಆಚೆ ಒಬ್ಬಳೇ ಇದ್ದಳು. ಮಗಳು ಹೋದರೂ ಅಳಿಯನ ಮನೆಗೆ ಬಂದು ಹೋಗುವುದನ್ನು ಬಿಟ್ಟಿರಲಿಲ್ಲ. ಮುದ್ದು ಹೊಸಿಲು ದಾಟಿದ ದಿನ ಅವಳ ಕೆನ್ನೆ ಹಿಡಿದು, "ನನಗೆ ಮಾಮಿ ಗೀಮಿ ಅನ್ಬೇಡ, ಹೆತ್ತಮ್ಮನಿಗೆ ಅನ್ನುವ ಹಾಗೆ ಅಪ್ಪೆ ಅನ್ನು" ಎಂದಿದ್ದಳು.

ಕಡಲಿಗೆ ಹೋಗುವವರಿಗೆ ರಾತ್ರಿ ಎನ್ನುವುದು ನಿದ್ದೆಗೇ ಸಾಲುವುದಿಲ್ಲ. ಚುಕ್ಕಿ ಮಾಸುವ ಮೊದಲೇ ಏಳಬೇಕು. ಅಲ್ಲಿ ಗಂಡಹೆಂಡಿರ ಹೊತ್ತು ಎಂದರೆ ಮಧ್ಯಾಹ್ನ. ಗಂಡ ಬಲೆ ಒಣಗಲು ಹಾಕಿ ಮಿಂದು ಬಂದಿರುತ್ತಾನೆ, ಹೆಂಡತಿ ಬುಟ್ಟಿ ಖಾಲಿ ಮಾಡಿ ದೋಣಿ ದಾಟಿರುತ್ತಾಳೆ, ಉಂಡಾದ ಮೇಲೆ ಬಾಗಿಲು ಮುಂದೆ ಮಾಡಿದರೆ ನೆರೆಯವರು ಆ ಕಡೆ ಕೂಗು ಹಾಕುವುದಿಲ್ಲ. ತೆಂಗಿನ ಮಡಲು ಹೊದಿಸಿದ ಮಾಡಿನ ಸಂದಿಯಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಬೀಳುತ್ತಿತ್ತು. ಅಂಥ ಹಾಡುಹಗಲಿನಲ್ಲಿ, ಮುಖವನ್ನು ಎಲ್ಲಿ ಬಚ್ಚಿಡುವುದೆಂದು ತಿಳಿಯದೆ, ಮುದ್ದು ಮೊದಲ ಸಲ ಗಂಡನ ಜೊತೆ ಮಲಗಿದ್ದು.

ನೋವಾಯಿತು. ಎಲ್ಲರಿಗೂ ಆಗುವಷ್ಟು ಎಂದುಕೊಂಡಳು. ತಾಯಿ ಕಳುಹಿಸುವಾಗ ಹೇಳಿದ್ದು ಒಂದೇ ಮಾತು, ಗಂಡ ಹೇಳಿದ ಹಾಗೆ ಕೇಳು ಎಂದು. ವಾರ ಕಳೆಯಿತು, ತಿಂಗಳು ಕಳೆಯಿತು, ನೋವು ಕಡಿಮೆಯಾಗಲಿಲ್ಲ. ಅವನ ಹೆಜ್ಜೆ ಅಂಗಳದಲ್ಲಿ ಕೇಳಿದರೇ ಮೈ ಬಿಗಿಯುತ್ತಿತ್ತು. ಮೈ ಬಿಗಿದಷ್ಟೂ ನೋವು ಹೆಚ್ಚು.

ಒಂದು ದಿನ ಅಂಗಾರನೇ ಕೇಳಿದ, "ಮುದ್ದು, ನೋವಾಗ್ತದಾ ನಿನಗೆ?"

"ಇಲ್ಲ," ಎಂದಳು. ಹಾಗೆನ್ನುವುದೇ ಮರ್ಯಾದೆ ಎಂದುಕೊಂಡಿದ್ದಳು. ಅಷ್ಟಕ್ಕೇ ನಿಲ್ಲಿಸದೆ, ಬಂದರಿನಲ್ಲಿ ಮೀನು ಮಾರುವ ಹೆಂಗಸರು ಆಡುವ ತಮಾಷೆಗಳನ್ನು ನೆನಪು ಮಾಡಿಕೊಂಡು ನಕ್ಕಳು, ಅವನ ಕುತ್ತಿಗೆಗೆ ಕೈ ಹಾಕಿದಳು. ಅವನ ಮುಖ ಅರಳಿತು. ಆ ಅರಳಿದ ಮುಖ ಕಂಡು ಮುದ್ದುವಿಗೆ ಹೆದರಿಕೆಯಾಯಿತು. ಈಗ ಇದನ್ನು ಹೇಗೆ ಹಿಂದಕ್ಕೆ ತೆಗೆದುಕೊಳ್ಳುವುದು? ನಿನ್ನೆ ಇಲ್ಲದ ನೋವು ಇವತ್ತು ಎಲ್ಲಿಂದ ಬಂತು ಎಂದು ಕೇಳಿದರೆ?

ಮದುವೆಯಾದ ಮೇಲಿನ ಮೊದಲ ಆಟಿಗೆ, ಅಂದರೆ ಆಷಾಢಕ್ಕೆ, ಮದುಮಗಳು ತಾಯಿಮನೆಗೆ ಹೋಗಿ ಕೂರುವ ಪದ್ಧತಿ. ಮುದ್ದುವೂ ಹೋದಳು. ಹೊರಗೆ ಮಳೆ ಹೊಡೆಯುತ್ತಿದ್ದರೆ ಒಳಗೆ ತಾಯಿಯ ಪಕ್ಕ ಕೈಕಾಲು ಚೆಲ್ಲಿ ಮಲಗಿ ನಿದ್ದೆ ಮಾಡಿದಳು. ತಿಂಗಳು ಮುಗಿದು ಅಂಗಾರ ಕರೆದೊಯ್ಯಲು ಬಂದಾಗ ಅವಳ ಕಾಲು ಏಳಲಿಲ್ಲ. ನೆರೆಯವರೆಲ್ಲ "ತಾಯಿಮನೆಯ ಆಸೆ ನೋಡು" ಎಂದು ನಕ್ಕರು.

ಮರಳಿ ಬಂದ ನಾಲ್ಕು ದಿನಕ್ಕೆ, ಒಂದು ಮಧ್ಯಾಹ್ನ, ತಡೆಯಲಾರದೆ ಅವಳು ಚೀರಿಬಿಟ್ಟಳು. ಅಂಗಾರ ಗಾಬರಿಯಿಂದ ಎದ್ದು ಕೂತ.

"ಎಂತ? ಎಂತ ಆಯಿತು?"

ನೋವು ಎನ್ನುವ ಮಾತು ಗಂಟಲಿಗೆ ಬಂದಿತ್ತು. ಅಷ್ಟರಲ್ಲಿ ಅವಳ ಕಣ್ಣು ಹಳೆಯ ಬಲೆ ನೇತುಹಾಕಿದ್ದ ಮೂಲೆಗೆ ಹೋಯಿತು. ಅಲ್ಲಿ ಬಲೆಯ ನೆರಳಲ್ಲದೆ ಬೇರೇನೂ ಇರಲಿಲ್ಲ.

"ಅಲ್ಲಿ ಯಾರೋ ನಿಂತಿದ್ದಾರೆ," ಎಂದಳು.

"ಎಲ್ಲಿ? ಯಾರು?"

"ಒಬ್ಬಳು ಹೆಂಗಸು."

"ಹೇಗಿದ್ದಾಳೆ?"

"ಕೂದಲೆಲ್ಲ ಒದ್ದೆ."

ಅಂಗಾರ ಗೋಡೆಗೆ ಒರಗಿ ಕುಸಿದ. ಯಾರಿಗೂ ಹೇಳದ ಮಾತು ಆಗ ಅವನ ಬಾಯಿಂದ ಹೊರಗೆ ಬಂತು. ಕಿನ್ನಿ ಸತ್ತ ದಿನ ಅವನು ಕಡಲಿನಲ್ಲಿದ್ದ. ಜ್ವರದ ಬಾಯಾರಿಕೆ ತಾಳದೆ ಅವಳು ಮಳೆಯಲ್ಲಿ ಬಾವಿಯ ತನಕ ತೆವಳಿಕೊಂಡು ಹೋಗಿದ್ದಳು. ಅಕ್ಕು ಬಂದು ನೋಡುವಾಗ ಬಾವಿಕಟ್ಟೆಯ ಬುಡದಲ್ಲಿ ಬಿದ್ದಿದ್ದಳಂತೆ, ಜೀವ ಹೋಗಿತ್ತು, ಕೂದಲು ಮುಖಕ್ಕೆ ಅಂಟಿಕೊಂಡಿತ್ತು. ಇದು ಅವನಿಗೂ ಅಕ್ಕುವಿಗೂ ಬಿಟ್ಟರೆ ಬೇರೆಯವರಿಗೆ ಗೊತ್ತಿರಲಿಲ್ಲ. ಹೆಂಡತಿಯನ್ನು ಜ್ವರದಲ್ಲಿ ಬಿಟ್ಟು ಬಲೆಗೆ ಹೋದ ಎಂದು ಜನ ಆಡಿಕೊಂಡಾರು ಎಂದು ಇಬ್ಬರೂ ಹೇಳಿರಲಿಲ್ಲ.

ಮುದ್ದುವಿಗೂ ಗೊತ್ತಿರಲಿಲ್ಲ. ತನ್ನ ಬಾಯಿಗೆ ಬಂದ ಮಾತು ತನಗಿಂತ ಹೆಚ್ಚು ತಿಳಿದಿತ್ತಲ್ಲ ಎಂದು ಅವಳು ಮೂಲೆಯ ಕಡೆ ಮತ್ತೆ ತಿರುಗಿ ನೋಡಲಿಲ್ಲ.

ಅಂದಿನಿಂದ ಅಂಗಾರ ಹೊರಗಿನ ಜಗಲಿಯಲ್ಲಿ ಮಲಗತೊಡಗಿದ. "ಅವಳಿಗೆ ಸಿಟ್ಟು ಉಂಟು ನನ್ನ ಮೇಲೆ. ಇಳಿಯಲಿ," ಎಂದ. ಮುದ್ದುವಿಗೆ ಮೊದಮೊದಲು ಬದುಕಿದೆ ಅನಿಸಿತು. ಆದರೆ ಗಂಡಸು ಎಷ್ಟು ದಿನ ದೂರ ಇದ್ದಾನು? ತಿಂಗಳು ಕಳೆದು ಎಂದಾದರೊಂದು ಮಧ್ಯಾಹ್ನ ಅವನ ಕಣ್ಣಿನಲ್ಲಿ ಆಸೆ ಕಂಡರೆ, ಮುದ್ದು ಮಾತನಾಡುತ್ತಿರಲಿಲ್ಲ, ಮೂಲೆಯ ಕಡೆ ಒಮ್ಮೆ ಕಣ್ಣು ಹಾಯಿಸುತ್ತಿದ್ದಳು. ಅಷ್ಟೇ ಸಾಕಾಗುತ್ತಿತ್ತು. ಅವನು ಟವಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋಗುತ್ತಿದ್ದ. ಕೆಲವು ಸಲ ಬಾವಿಕಟ್ಟೆಯ ಹತ್ತಿರ ನಿಂತು ಯಾರಿಗೋ ಕೈಮುಗಿಯುವುದು ಕಾಣುತ್ತಿತ್ತು. ಅವನು ಸೊರಗಿದ. ಬಲೆ ಎಳೆಯುವಾಗ ತಾಳ ತಪ್ಪುತ್ತಾನೆ ಎಂದು ತಂಡದವರು ಬಯ್ದರು.

ಮುದ್ದುವಿಗೂ ನೆಮ್ಮದಿ ಇರಲಿಲ್ಲ. ಮೂಲೆಗೆ ನೋಡುವ ನಾಟಕ ದಿನದಿನ ಆಡಿದವಳಿಗೆ, ನಾಟಕ ಇಲ್ಲದ ಹೊತ್ತಿನಲ್ಲೂ ಆ ಕಡೆ ನೋಡಲು ಧೈರ್ಯ ಬರುತ್ತಿರಲಿಲ್ಲ. ಕಸ ಗುಡಿಸಿದರೆ ಆ ಒಂದು ಮೂಲೆ ಉಳಿಯುತ್ತಿತ್ತು. ಒಲೆಯ ಮುಂದೆ ಕೂತಾಗ ಬೆನ್ನ ಹಿಂದಿನಿಂದ ಒದ್ದೆ ಕೂದಲಿನ ವಾಸನೆ, ಒಣಗದೆ ಕಟ್ಟಿದ ಜಡೆಯ ಮುಗ್ಗುಲು ವಾಸನೆ ಬಂದ ಹಾಗಾಗುತ್ತಿತ್ತು. ತನ್ನದೇ ಜಡೆಯನ್ನು ಮೂಸಿ ನೋಡುತ್ತಿದ್ದಳು. ಅದು ಒಣಗಿರುತ್ತಿತ್ತು.

ಎರಡು ವರ್ಷ ಹೀಗೇ ಹೋಯಿತು. ಮಕ್ಕಳಿಲ್ಲ. ಬೋಜ ಬಿಡುವವನಲ್ಲ, ಒಂದು ದಿನ ಬಂದು ಅಂಗಾರನನ್ನು ಕೂರಿಸಿ ಕೇಳಿದ. ಅಂಗಾರ ಇದ್ದದ್ದನ್ನು ಹೇಳಿದ, ಅಂದರೆ ಅವನು ಇದ್ದದ್ದು ಎಂದು ನಂಬಿದ್ದನ್ನು. ಬೋಜ ಕಾವೂರು ಕಡೆಯ ಮಂತ್ರವಾದಿಯಲ್ಲಿಗೆ ಹೋಗಿ ಕವಡೆ ಹಾಕಿಸಿ ಬಂದ. ಕಿನ್ನಿಯ ಕುಲೆ, ಅಂದರೆ ಸತ್ತ ಜೀವ, ಹೊಟ್ಟೆಕಿಚ್ಚಿನಿಂದ ದಾರಿಗೆ ಅಡ್ಡ ನಿಂತಿದೆ ಎಂದು ಕವಡೆಯಲ್ಲಿ ಕಂಡಿತಂತೆ. ಅದನ್ನು ಕಾಸರಕನ ಮರಕ್ಕೆ ಮೊಳೆ ಹೊಡೆದು ಬಂಧಿಸಬೇಕು. ಬಂಧಿಸಿದ ಮೇಲೆ ಆ ಕುಲೆಗೆ ಮನೆಯಿಲ್ಲ, ಆಟಿಯಲ್ಲಿ ಸತ್ತವರಿಗೆ ಬಡಿಸುವ ಎಲೆ ಇಲ್ಲ, ಯಾರೂ ಹೆಸರು ಹಿಡಿದು ಕರೆಯುವಂತಿಲ್ಲ.

"ಆಟಿ ಅಮಾವಾಸ್ಯೆಗೆ ಕೊನೆಯ ಎಲೆ ಹಾಕಿ. ಮರುದಿನ ಕೆಲಸ ಮುಗಿಸುವ," ಎಂದ ಬೋಜ.

ಅಂಗಾರ ತಲೆ ತಗ್ಗಿಸಿ ಕೂತಿದ್ದ. ಕೊನೆಗೆ, "ಮುದ್ದುವಿಗೆ ಹಿಂಸೆಯಾಗುವುದಾದರೆ ಎಂತ ಮಾಡುವುದು? ಆಗ್ಲಿ," ಎಂದ. ಅಷ್ಟು ಹೇಳಲು ಅವನಿಗೆ ಎಷ್ಟು ಕಷ್ಟವಾಯಿತು ಎನ್ನುವುದು ಮುದ್ದುವಿಗೆ ಕಂಡಿತು. ಈಗ ನಿಜ ಹೇಳಿದರೆ ಗಂಡ ಬಿಡುತ್ತಾನೆ, ಮಾವ ಬಡಿಯುತ್ತಾನೆ, ಬೆಂಗ್ರೆಯಿಂದ ಬಂದರಿನ ತನಕ ನಗುತ್ತಾರೆ. ಹೇಳದಿದ್ದರೆ ಸತ್ತವಳೊಬ್ಬಳಿಗೆ ಇದ್ದ ಒಂದು ಎಲೆಯೂ ಹೋಗುತ್ತದೆ. ಸತ್ತವಳಿಗೆ ಏನು ಗೊತ್ತಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಂಡದ್ದು ಮೂಲೆಗೆ ಕೇಳಿಸಿತೇನೋ ಎಂದು ಎದ್ದು ಅಂಗಳಕ್ಕೆ ಹೋದಳು.

ಸುದ್ದಿ ಕೇಳಿ ಅಕ್ಕು ಬಂದಳು. ಗಂಡಸರು ಇಲ್ಲದ ಹೊತ್ತು ನೋಡಿಯೇ ಬಂದಿದ್ದಳು. ಹೊಸಿಲಲ್ಲಿ ಕೂತು, ಒಳಗೆ ಆಚೀಚೆ ನೋಡಿದಳು.

"ಯಾವ ಮೂಲೆ ಮಗಾ?"

ಮುದ್ದು ಕೈ ತೋರಿಸಿದಳು.

"ಈಗ ಇದ್ದಾಳಾ?"

"ಈಗ ಇಲ್ಲ."

"ನನಗೊಂದು ಸಲವೂ ಕಾಣಲಿಲ್ಲ, ನೋಡು. ಹೆತ್ತವಳಿಗೆ ಕಾಣಲಿಲ್ಲ, ನಿನಗೆ ಕಾಣ್ತಾಳೆ. ಪುಣ್ಯ ಬೇಕು ಅದಕ್ಕೂ." ಅಕ್ಕು ಮೂಗು ಒರೆಸಿಕೊಂಡಳು. "ಹೇಗಿದ್ದಾಳೆ? ತುಂಬ ಬಡಕಲಾಗಿದ್ದಾಳಾ?"

"ಇಲ್ಲ ಅಪ್ಪೆ. ಚೆನ್ನಾಗಿದ್ದಾಳೆ."

"ಹೌದಾ? ಹಾಗಾದರೆ ಒಂದು ಉಪಕಾರ ಮಾಡು. ಮುಂದಿನ ಸಲ ಬಂದಾಗ ಹೇಳು, ನನ್ನ ಗುಡಿಸಲಿಗೆ ಬಾ ಅಂತ. ಅಲ್ಲಿ ಯಾರಿಗೂ ತೊಂದರೆಯಿಲ್ಲ, ನಾನೊಬ್ಬಳೇ ಇರುವುದು. ದಿನಾ ಒಂದು ಮುಷ್ಟಿ ಅನ್ನ ಇಡ್ತೇನೆ. ಮರಕ್ಕೆ ಹೊಡೆಯುವುದು ಬೇಡ ಅಂತ ಬೋಜನಿಗೆ ನೀನೇ ಹೇಳು. ನಿನ್ನ ಮಾತು ಕೇಳಿಯಾನು. ಅವಳು ಸಣ್ಣದಿರುವಾಗ ಕತ್ತಲೆಗೆ ಹೆದರ್ತಿದ್ದಳು ಮಗಾ."

ಮುದ್ದು ಬೋಜನ ಹತ್ತಿರ ಹೋಗಲಿಲ್ಲ.

ಅಮಾವಾಸ್ಯೆ ಬಂತು. ಕಿನ್ನಿಗೆ ಎಲೆ ಹಾಕಬೇಕಾದದ್ದು ತಾಯಿಮನೆಯಲ್ಲಿ. ಆದರೆ ಜೀವ ಬಿಟ್ಟದ್ದು ಅಂಗಾರನ ಮನೆಯಲ್ಲಿ ಎಂದು ಅಲ್ಲೇ ಹಾಕುತ್ತಿದ್ದರು. ಪ್ರತಿ ಆಟಿಗೂ ಅಕ್ಕು ಅಲ್ಲಿಗೇ ಬರುತ್ತಿದ್ದಳು. ಈ ಸಲ ಬರಲಿಲ್ಲ. ಕೊನೆಯ ಎಲೆ ನೋಡಲು ತನ್ನಿಂದಾಗದು ಎಂದು ಹೇಳಿ ಕಳುಹಿಸಿದಳು. ಮುದ್ದು ಅನ್ನ, ಕೋಳಿ ಪದಾರ್ಥ, ಹುರಿದ ಒಣಮೀನು, ಕಿನ್ನಿಗೆ ಇಷ್ಟವಂತೆ ಎಂದು ಹೆಸರುಬೇಳೆಯ ಪಾಯಸ, ಎಲ್ಲ ಮಾಡಿ ಬಡಿಸಿದಳು. ಅಂಗಾರ ನೀರು ಬಿಟ್ಟು, "ಬಾ, ಉಣ್ಣು," ಎಂದ. ಮತ್ತೆ ಇಬ್ಬರೂ ಹೊರಗೆ ಬಂದು ಬಾಗಿಲು ಮುಚ್ಚಿದರು. ಕುಲೆಗಳು ಉಂಡು ಏಳುವ ತನಕ ಮನೆಯವರು ಒಳಗೆ ನೋಡಬಾರದು.

ಮಳೆ ಒಂದೇ ಸಮ ಸುರಿಯುತ್ತಿತ್ತು, ಇನ್ನೂ ಬೆಳಕಿತ್ತು. ಮಾಡಿನ ಕೆಳಗೆ ಗೋಡೆಗೆ ಅಂಟಿಕೊಂಡು ನಿಂತರು. ಒಳಗೆ ಏನೋ ಸಣ್ಣಗೆ ಸರಿದ ಸದ್ದು. ಇಲಿಯಿರಬಹುದು, ಎಲೆಯ ಮೇಲೆ ನೀರು ತೊಟ್ಟಿಕ್ಕಿರಬಹುದು. ಅಂಗಾರ ಕಣ್ಣು ಮುಚ್ಚಿ ಅಳುತ್ತಿದ್ದ, ದನಿಯಿಲ್ಲದೆ.

ಮುದ್ದು ಹೇಳಿದಳು, "ಅವಳು ಬರಲಿಲ್ಲ."

"ಒಳಗೆ ಇದ್ದಾಳೆ. ಕೇಳ್ತಾ ಉಂಟಲ್ಲ."

"ಇವತ್ತಿನದ್ದಲ್ಲ ನಾನು ಹೇಳುವುದು. ಮೂಲೆಯಲ್ಲಿ ಯಾರೂ ನಿಂತಿರಲಿಲ್ಲ. ಒಂದು ಸಲವೂ ಇಲ್ಲ. ನನಗೆ ನೋವಾಗ್ತಿತ್ತು. ಮದುವೆಯಾದ ದಿನದಿಂದ. ಅದನ್ನು ಹೇಳ್ಲಿಕ್ಕೆ ಆಗದೆ ಹಾಗೆ ಹೇಳಿದೆ."

ಮಳೆಯ ಸದ್ದಿನಲ್ಲಿ ಅವನಿಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಮುಖ ನೋಡಿದಳು. ಕೇಳಿಸಿತ್ತು.

"ಒದ್ದೆ ಕೂದಲು?"

"ಅದು ಬಾಯಿಗೆ ಬಂತು. ಎಲ್ಲಿಂದ ಬಂತು ಅಂತ ನನಗೆ ಗೊತ್ತಿಲ್ಲ. ದೇವರಾಣೆ ಗೊತ್ತಿಲ್ಲ."

"ನಾನು ಕೇಳಿದ್ದೆ. ನೋವಾಗ್ತದಾ ಅಂತ ಕೇಳಿದ್ದೆ."

"ಕೇಳಿದ್ದಿರಿ. ನಾನೇ ಇಲ್ಲ ಅಂದದ್ದು."

"ನಕ್ಕಿದ್ದೆ ನೀನು."

"ಹೌದು. ಅದೂ ಸುಳ್ಳೇ."

ಅವನು ಕೈ ಎತ್ತಬಹುದು ಎಂದು ಮುದ್ದು ಕಾದಳು. ಅವನು ಎತ್ತಲಿಲ್ಲ. ಮಾಡಿನಿಂದ ಇಳಿಯುವ ನೀರಿಗೆ ಅಂಗೈ ಒಡ್ಡಿ ನಿಂತ. ಅವಳಿಗಲ್ಲ ಎಂಬಂತೆ ಹೇಳಿದ, "ಕಿನ್ನಿಯೂ ಇಲ್ಲ ಅಂತಲೇ ಹೇಳ್ತಿದ್ದಳು. ಕೇಳಿದಾಗಲೆಲ್ಲ ಇಲ್ಲ ಅಂತ. ಹಲ್ಲು ಕಚ್ಚಿಕೊಳ್ತಿದ್ದಳು, ಕಣ್ಣು ಮುಚ್ಚಿಕೊಳ್ತಿದ್ದಳು. ಅದು ಖುಷಿ ಅಂತ ನಾನು ತಿಳ್ಕೊಂಡಿದ್ದೆ. ಈಗ ಯಾರ ಹತ್ತಿರ ಕೇಳುವುದು?"

ಒಳಗೆ ಸದ್ದು ನಿಂತಿತ್ತು. ಬಾಗಿಲು ತೆರೆಯುವ ಹೊತ್ತಾಗಿದ್ದರೂ ಇಬ್ಬರಲ್ಲಿ ಒಬ್ಬರೂ ಕೈ ಮುಂದೆ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಹೊಳೆಯ ದಂಡೆಯ ಕಾಸರಕನ ಮರದ ಬುಡದಲ್ಲಿ ಅರ್ಧ ಬೆಂಗ್ರೆ ಸೇರಿತ್ತು. ಮಂತ್ರವಾದಿ ಮೊಳೆಗಳಿಗೆ ಕುಂಕುಮ ಹಚ್ಚಿ ಕೂತಿದ್ದ. ಬೋಜ ಕೋಳಿಯ ಕಾಲು ಕಟ್ಟುತ್ತಿದ್ದ. ದೂರದಲ್ಲಿ, ತೆಂಗಿನ ಕಟ್ಟೆಯ ಮೇಲೆ, ಅಕ್ಕು ಮುಸುಕು ಹಾಕಿ ಕೂತಿದ್ದಳು.

ಅಂಗಾರ ಮುಂದೆ ಹೋಗಿ, "ಮಾವ, ಇದು ಬೇಡ. ನಿಲ್ಲಿಸಿ," ಎಂದ.

"ಯಾಕೆ? ನಿನ್ನೆ ಕನಸಿನಲ್ಲಿ ಬಂದು ಕಾಲು ಹಿಡಿದಳಾ?"

"ಕಿನ್ನಿಯದ್ದು ತಪ್ಪಿಲ್ಲ. ನನ್ನಲ್ಲೇ ದೋಷ. ನಾನು... ನನ್ನಿಂದಲೇ ಆಗುವುದಿಲ್ಲ. ನಾಚಿಕೆಗೆ ಅವಳ ಹೆಸರು ಹೇಳಿದ್ದು."

ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. "ಅಷ್ಟು ದೊಡ್ಡ ಬಲೆ ಎಳೆಯುವವನು!" ಎಂದಿತು ಇನ್ನೊಂದು ದನಿ. ಗಂಡಸರು ನೆಲ ನೋಡಿದರು. ಅಂಗಾರನ ಕಿವಿ ಕೆಂಪಾಗಿತ್ತು, ಆದರೂ ಅವನು ನಿಂತಲ್ಲೇ ನಿಂತಿದ್ದ. ಹೆಂಡತಿಯನ್ನು ಉಳಿಸಲು ಅವನು ತನ್ನ ಗಂಡಸುತನವನ್ನೇ ಊರಿನ ಮುಂದೆ ಇಟ್ಟುಬಿಟ್ಟಿದ್ದ. ಮುದ್ದು ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕಿನ್ನಿಯ ಎಲೆಯೂ ಉಳಿಯುತ್ತಿತ್ತು, ಅವಳ ಮಾನವೂ ಉಳಿಯುತ್ತಿತ್ತು.

"ಸುಳ್ಳು ಹೇಳ್ಬೇಡಿ," ಎಂದಳು ಮುದ್ದು. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ಮಾವ, ಇವರಲ್ಲಿ ದೋಷ ಇಲ್ಲ. ಕಿನ್ನಿ ಬಂದದ್ದೂ ಇಲ್ಲ. ನನಗೆ ಗಂಡನ ಹತ್ತಿರ ಮಲಗಿದರೆ ನೋವಾಗ್ತಿತ್ತು, ಅದಕ್ಕೆ ನಾನು ಕಂಡೆ ಕಂಡೆ ಅಂತ ಹೇಳಿದ್ದು. ಮೊಳೆ ಹೊಡೆಯುವುದಾದರೆ ನನ್ನ ಬಾಯಿಗೆ ಹೊಡೀಲಿ."

ಆಗ ಯಾರೂ ನಗಲಿಲ್ಲ. ಮಂತ್ರವಾದಿ ಕೆಮ್ಮಿ, ಹೀಗೆ ಹೇಳಿಸುವುದೂ ಕುಲೆಯ ಆಟವೇ ಎಂದು ಒಂದು ಮಾತು ತೆಗೆದ. ಅಂಗಾರ ಕೋಳಿಯ ಕಾಲಿನ ಹಗ್ಗ ಬಿಚ್ಚಿ ಅದನ್ನು ಬಿಟ್ಟ. ಬೋಜ ಮುದ್ದುವಿನ ಮುಂದೆ ನೆಲಕ್ಕೆ ಉಗಿದು, "ನೀನು ಬದುಕಿರುವ ತನಕ ನನ್ನ ಹೊಸಿಲಿಗೆ ಬರಬೇಡ," ಎಂದು ನಡೆದ. ಅಕ್ಕು ಕಟ್ಟೆಯಿಂದ ಮೆಲ್ಲಗೆ ಇಳಿದು ಮುದ್ದುವಿನ ಹತ್ತಿರ ಬಂದಳು.

"ಬರಲೇ ಇಲ್ಲವಾ?"

"ಇಲ್ಲ ಅಪ್ಪೆ."

"ಚೆನ್ನಾಗಿದ್ದಾಳೆ ಅಂದೆಯಲ್ಲ ಮಗಾ."

ಅಕ್ಕುವಿನ ಮಗಳು ಮರಕ್ಕೆ ಹೋಗದೆ ಉಳಿದಳು, ಆದರೆ ನಾಲ್ಕು ಮನೆ ಆಚೆ ಇದ್ದಾಳೆ ಎಂದು ನಂಬಿದ್ದ ಮಗಳು ಒಂದೇ ಮಾತಿಗೆ ಇಲ್ಲವಾದಳು. ಅಕ್ಕು ಆ ಮಳೆಗಾಲ ಮುಗಿಯುವ ತನಕ ಅವರ ಮನೆಯ ಕಡೆ ಬರಲಿಲ್ಲ.

ಅಂಗಾರ ಹೆಂಡತಿಯನ್ನು ಬಿಡಲಿಲ್ಲ. ಬಂದರಿನಲ್ಲಿ ಹೆಂಗಸರು, "ಮುದ್ದು, ನಿನ್ನ ಬೂತಾಯಿ ಮೀನಿನ ಬುಟ್ಟಿಯ ಹಿಂದೆ ಇವತ್ತು ಯಾರು ನಿಂತಿದ್ದಾರೆ?" ಎಂದು ಕೆಣಕುತ್ತಿದ್ದರು. ಅವಳು ಬುಟ್ಟಿ ಎತ್ತಿಕೊಂಡು ಬಿಜೈಯ ದಾರಿ ಹಿಡಿಯುತ್ತಿದ್ದಳು. ವರ್ಷ ಕಳೆದ ಹಾಗೆ ಕೆಣಕುವವರೇ, ಒಬ್ಬೊಬ್ಬರಾಗಿ, ದೋಣಿ ಕಾಯುವ ಹೊತ್ತಿಗೆ ಅವಳ ಪಕ್ಕ ಬಂದು ಕೂತು ದನಿ ತಗ್ಗಿಸಿ ತಮ್ಮ ತಮ್ಮ ಮನೆಯ ಮಧ್ಯಾಹ್ನಗಳ ಮಾತು ತೆಗೆಯತೊಡಗಿದರು.

ಗಂಡಹೆಂಡಿರು ಬಹಳ ಕಾಲ ಬೇರೆ ಬೇರೆ ಮಲಗಿದರು. ಮತ್ತೆ ಒಂದು ದಿನ ಅಂಗಾರ, ಅಪ್ಪಣೆ ಕೇಳುವವನ ಹಾಗೆ, ಅವಳ ಕೈ ಹಿಡಿದ. ಅವಳು ನಿಲ್ಲಿ ಎಂದರೆ ನಿಲ್ಲುತ್ತಿದ್ದ. ಮೆಲ್ಲಮೆಲ್ಲಗೆ ನೋವು ಹೋಯಿತು. ಹೋದದ್ದು ಯಾವಾಗ ಎಂದು ಅವಳಿಗೆ ತಿಳಿಯಲಿಲ್ಲ. ಆದರೆ ಅವನು ಪ್ರತಿ ಸಲವೂ ಕೇಳುತ್ತಿದ್ದ, "ನೋವಾಗ್ತದಾ?" ಅವಳು ಇಲ್ಲ ಎನ್ನುತ್ತಿದ್ದಳು, ಅದು ನಿಜವಾಗಿತ್ತು. ಅವನು ಮಾಡಿನ ಸಂದಿಯ ಬೆಳಕಿನಲ್ಲಿ ಅವಳ ಮುಖವನ್ನು ನೋಡುತ್ತಲೇ ಇರುತ್ತಿದ್ದ, ಕಚ್ಚಿದ ಹಲ್ಲನ್ನು ಹುಡುಕುವವನ ಹಾಗೆ. ಒಂದೊಂದು ಸಲ ಹಾಗೆ ನೋಡಿ ನೋಡಿ ಎದ್ದು ಹೋಗಿಬಿಡುತ್ತಿದ್ದ. ಅವನ ಕಣ್ಣು ಹುಡುಕುತ್ತಿದ್ದದ್ದು ತನ್ನ ಮುಖವನ್ನೋ ಇನ್ನೊಬ್ಬಳದ್ದನ್ನೋ ಎಂದು ಮುದ್ದು ಕೇಳಲಿಲ್ಲ. ಆ ಮೂಲೆಯಲ್ಲಿದ್ದ ಹಳೆಯ ಬಲೆಯನ್ನು ಅವನೇ ತೆಗೆದು ಸುಟ್ಟ. ಮೂಲೆ ಬರಿದಾದ ಮೇಲೆ ಇಬ್ಬರೂ ಅಲ್ಲಿ ಚಾಪೆ ಹಾಸಲಿಲ್ಲ. ಮಕ್ಕಳಾಗಲಿಲ್ಲ. ಮುದ್ದುವಿನ ತಾಯಿ ತೀರಿಕೊಂಡ ಮೇಲೆ ಆ ಮನೆಯ ಮಾಡಿಗೆ ಮಡಲು ಹೊದಿಸುವವರಿಲ್ಲದೆ ಎರಡು ಮಳೆಗೆ ಗೋಡೆ ಕರಗಿತು.

ಅಕ್ಕುವಿಗೆ ಕಾಲಿನ ಶಕ್ತಿ ಹೋಗಿ ಒಬ್ಬಳೇ ಇರಲಾಗದ ಸ್ಥಿತಿ ಬಂದಾಗ ಮುದ್ದು ಹೋಗಿ ಕರೆತಂದಳು. ಮೊದಲು ಬರುವುದಿಲ್ಲ ಎಂದಳು ಮುದುಕಿ, ಮತ್ತೆ ಎತ್ತಿಕೊಂಡು ಬರುವಾಗ ಸುಮ್ಮನಾದಳು. ಹಳೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಮುದ್ದು ಮೀಯಿಸುತ್ತಿದ್ದಳು, ಉಣಿಸುತ್ತಿದ್ದಳು. ಹೀಗಿರುವಾಗ ಒಂದು ಸಂಜೆ, ಅಂಗಾರ ಜಗಲಿಯಲ್ಲಿ ಕೂತು ಬಲೆ ಹೆಣೆಯುತ್ತಿದ್ದ, ಮುದ್ದು ಮುದುಕಿಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಅಕ್ಕು ಅವಳ ಕೈ ಹಿಡಿದು ನಿಲ್ಲಿಸಿದಳು.

"ಒಂದು ಕೇಳ್ತೇನೆ. ಸಿಟ್ಟಿನಲ್ಲಿ ಅಲ್ಲ."

"ಕೇಳಿ ಅಪ್ಪೆ."

"ಮದುವೆಯಾದ ಹೊಸತಿನಲ್ಲಿ ಕಿನ್ನಿ ಒಂದು ದಿನ ಮನೆಗೆ ಬಂದಿದ್ದಳು. ಮೊರದಲ್ಲಿ ಅಕ್ಕಿ ಗೇರ್ತಾ ಇದ್ದೆ ನಾನು. ಪಕ್ಕದಲ್ಲಿ ಕೂತು, 'ಅಪ್ಪೆ, ಎಲ್ಲರಿಗೂ ಹೀಗೇ ಇರ್ತದಾ?' ಅಂತ ಕೇಳಿದಳು. ಎಂತದ್ದು ಅಂತ ನನಗೆ ಗೊತ್ತಾಯಿತು. ಗೊತ್ತಾಗಿಯೂ ನಕ್ಕುಬಿಟ್ಟೆ. ಅಭ್ಯಾಸ ಆಗ್ತದೆ, ಹೋಗು ಅಂದೆ. ಮತ್ತೆ ಕೇಳಲಿಲ್ಲ ಅವಳು." ಅಕ್ಕು ಉಸಿರು ಎಳೆದುಕೊಂಡಳು. "ನಿನಗೆ ಇದ್ದ ಹಾಗೆಯೇ ಅವಳಿಗೂ ಇತ್ತಾ ಮುದ್ದು? ನೋವು?"

ಜಗಲಿಯಲ್ಲಿ ಬಲೆಯ ದಾರ ಎಳೆಯುವ ಸದ್ದು ನಿಂತಿತು.

ಇಲ್ಲ ಎನ್ನುವುದು ಬಹಳ ಸುಲಭವಿತ್ತು. ಸಾಯುವ ಮುದುಕಿಗೆ ಒಂದು ಇಲ್ಲ, ಹೊರಗೆ ಕಿವಿ ಕೊಟ್ಟು ಕೂತವನಿಗೆ ಅದೇ ಒಂದು ಇಲ್ಲ. ಮುದ್ದುವಿನ ತುಟಿ ಅದಕ್ಕೆ ಆಗಲೇ ಸಿದ್ಧವಾಗಿತ್ತು.

"ನಾನು ನೋಡಲಿಲ್ಲ ಅಪ್ಪೆ, ಅವಳು ನನ್ನ ಹತ್ತಿರ ಹೇಳ್ಲೂ ಇಲ್ಲ," ಎಂದಳು. "ಆದರೆ ಇದ್ದಿರಬೇಕು. ನೋವಿಲ್ಲದವಳು ಹಾಗೆ ಬಂದು ಕೇಳುವುದಿಲ್ಲ."

ಅಕ್ಕು ಅವಳ ಕೈ ಬಿಡಲಿಲ್ಲ. ಹೂಂ ಎಂದಳು, ಒಂದು ಸಲ, ಅಷ್ಟೇ. ಮುಖವನ್ನು ಗೋಡೆಯ ಕಡೆ ತಿರುಗಿಸಿ ಮಲಗಿದಳು. ಜಗಲಿಯಲ್ಲಿ ಅಂಗಾರ ಎದ್ದು ಅಂಗಳಕ್ಕೆ ಇಳಿದದ್ದು ಕೇಳಿಸಿತು. ಎಲ್ಲಿಗೆ ಹೋದ ಎಂದು ಮುದ್ದು ಬಗ್ಗಿ ನೋಡಲಿಲ್ಲ.

ಬೆಳಕು ಇಳಿಯುತ್ತಿತ್ತು. ಅವಳು ಎಣ್ಣೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಿತ್ತಲಿಗೆ ಹೋದಳು, ಒಂದು ಹಿಡಿ ನುಚ್ಚು ಚೆಲ್ಲಿ ಕೋಳಿಗಳನ್ನು ಕರೆದಳು. ಹೇಂಟೆಗಳು ಓಡಿ ಬಂದವು. ಹುಂಜ ಮಾತ್ರ ನುಗ್ಗೆಯ ಬುಡದಲ್ಲಿ ಕೆದಕುತ್ತಾ ಉಳಿಯಿತು. ಅದನ್ನು ಮೆಲ್ಲಗೆ ಸುತ್ತುಹಾಕಿ ಅಟ್ಟಿಕೊಂಡು ಬಂದು, ಎಲ್ಲವನ್ನೂ ಬುಟ್ಟಿಯ ಕೆಳಗೆ ಮುಚ್ಚಿ, ನಾಯಿ ಉರುಳಿಸದ ಹಾಗೆ ಮೇಲೊಂದು ಕಲ್ಲು ಹೇರಿದಳು.